ಆ್ಯಂಟಿವೈರಸ್ ಹೊತ್ತ ಅಪವಾದ

ನಮ್ಮವರು ಸಿಂದಗಿಯಲ್ಲಿ ಹೈಸ್ಕೂಲ್ ಮಾಸ್ತರು. ಅವರು ಶಾಲೆಗೆ ಹೋದ ಮೇಲೆ ಮನೆಯ ಕಂಪ್ಯೂಟರ್ ನನ್ನದು. ಅದರಲ್ಲಿ ಊರು ಕಟ್ಟುವ ಒಂದು ಆಟವಿತ್ತು. ನಾನು ಕಟ್ಟಿದ್ದು ನನ್ನ ತವರು ಹೊರ್ತಿಯನ್ನೇ: ಅಪ್ಪನ ಲಿಂಬೆ ತೋಟ, ಬಾವಿ, ಸೋದರತ್ತೆಯ ಮನೆಯ ಮುಂದಿನ ಕಟ್ಟೆ, ಬೇವಿನ ಗಿಡ, ಅದರ ಕೆಳಗೊಂದು ಎಮ್ಮೆ. ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿ ಮನಸ್ಸು ಹತ್ತದೆ ಆ ಲಿಂಬೆ ಗಿಡಗಳನ್ನು ಒಂದೊಂದಾಗಿ ನೆಟ್ಟಿದ್ದೆ. ನಗುವವರು ನಗಲಿ, ನನಗದು ನಿಜವಾದ ಊರೇ ಆಗಿತ್ತು.

ಒಂದು ದಿನ ಆಟ ತೆರೆಯಲೇ ಇಲ್ಲ. ಅದರಲ್ಲಿ ವೈರಸ್ ಇದೆಯೆಂದು ಅನುಮಾನಪಟ್ಟು ಆ್ಯಂಟಿವೈರಸ್ ಅದನ್ನು ಎತ್ತಿ ಬೇರೆ ಇಟ್ಟುಬಿಟ್ಟಿತ್ತು. ಹೊರ್ತಿಯಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಆಟದ ಹುಚ್ಚು ಅವನಿಗೂ ಇದೆ. ಎಲ್ಲಿ ಒತ್ತಬೇಕು, ಆಟವನ್ನು ಹೇಗೆ ವಾಪಸ್ ತರಬೇಕು, ಇನ್ನು ಮುಂದೆ ಇದನ್ನು ತಡೆಯಬೇಡವೆಂದು ಆ್ಯಂಟಿವೈರಸ್‌ಗೆ ಹೇಗೆ ತಿಳಿಸಬೇಕು, ಎಲ್ಲ ಕಲಿಸಿದ. ಊರು ಹಾಗೇ ಇತ್ತು. ಕೆಲವು ದಿನ ಬಿಟ್ಟು ಆಟ ಮತ್ತೆ ಮಾಯ. ಮತ್ತೆ ವಾಪಸ್ ತಂದೆ. ಮತ್ತೆ ಮಾಯ!

ನಮ್ಮವರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಪರದೆಗೆ ಬೈದರು. "ಇದರ ಮನಿ ಹಾಳಾಗ್ಲಿ! ನಿನ್ನ ಆಟ ಒಂದ ಕಾಣ್ತೈತೇನ ಇದಕ್ಕ?"

ನನ್ನ ಸಂಕಟ ತಿಳಿಯುವ ಗಂಡ ಸಿಕ್ಕನಲ್ಲ ಎಂದು ಕಣ್ಣು ತುಂಬಿತು. ಅವತ್ತು ಅವರಿಗೆಂದೇ ಬೆಲ್ಲ ಹಾಕಿ ಸಿಹಿ ಮಾದಲಿ ಮಾಡಿ, ಮೇಲೆ ತುಪ್ಪ ಸುರಿದು ಬಡಿಸಿದೆ. ಎಂಥಾ ಹುಚ್ಚಿ ನಾನು!

ಆಮೇಲೊಂದು ದಿನ ಆಟವೇನೋ ತೆರೆಯಿತು, ಊರಿರಲಿಲ್ಲ. ಬರೀ ಬಯಲು. ಅಳುತ್ತಲೇ ತಮ್ಮನಿಗೆ ಹೇಳಿದೆ. ಅವನು ಒಂದೊಂದಾಗಿ ವಿಚಾರಿಸಿ ಕೊನೆಗೆ ಹೇಳಿದ:

"ಅಕ್ಕಾ, ನೀ ಕಟ್ಟಿದ ಊರು ಬ್ಯಾರೆ ಫೋಲ್ಡರ್‌ನಾಗ ಇರ್ತೈತಿ. ಇಷ್ಟ ಸಲ ಆಟ ತಡದ್ರೂ ಆ್ಯಂಟಿವೈರಸ್ ಅದಕ್ಕ ಕೈ ಹಚ್ಚಿದ್ದಿಲ್ಲ. ಇದನ್ನ ಯಾರೋ ಕೂತು ಅಳಿಸ್ಯಾರ."

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ.

ಸಂಜೆ ಊಟಕ್ಕೆ ಕೂತವರನ್ನು ನೇರ ಕೇಳಿದೆ. "ನೀವ ಅಳಿಸಿದ್ರೇನ್ರಿ?"

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಮೊದಲನೇ ಸಲ ಅದ ತಡದಿತ್ತು. ಆಮ್ಯಾಲಿಂದೆಲ್ಲಾ ನಾನ," ಎಂದರು.

"ಯಾಕ್ರಿ?"

"ಆ ಊರು ಪೂರಾ ತಿರಗ್ಯಾಡಿ ನೋಡಿದ್ನಿ. ನಿಮ್ಮ ಎಮ್ಮಿಗೂ ಜಾಗಾ ಐತಿ. ನನಗೊಂದು ಮನಿ ಇಲ್ಲ."

ಮೈಯೆಲ್ಲ ಉರಿಯಿತು. ಊರು ಹೋದದ್ದು ಒಂದು ಕಡೆಗಿರಲಿ, ನನ್ನ ಪಕ್ಕದಲ್ಲೇ ಕೂತು ಬೈದರಲ್ಲ, ಆ ಮಾದಲಿಯನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡರಲ್ಲ, ಅದನ್ನು ತಾಳಲಾಗಲಿಲ್ಲ. ಇಂಥ ಮೋಸ ಪರರು ಮಾಡಿದ್ದರೆ ಮರೆಯುತ್ತಿದ್ದೆ.

"ಬಾಯಿ ಬಿಟ್ಟು ಕೇಳಿದ್ರ ಅವತ್ತ ಕಟ್ತಿದ್ನಿ," ಎಂದು ಎದ್ದುಹೋದೆ.

ಈಗ ಕಂಪ್ಯೂಟರ್‌ಗೂ ಆ್ಯಂಟಿವೈರಸ್‌ಗೂ ನನ್ನದೇ ಪಾಸ್‌ವರ್ಡ್. ಹೊರ್ತಿ ಮತ್ತೆ ಏಳುತ್ತಿದೆ. ತೋಟ ಆಯಿತು, ಬಾವಿ ಆಯಿತು. ನಮ್ಮವರು ಚಹಾದ ಕಪ್ ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ.

"ಆ ಬೇವಿನ ಗಿಡದ ಬಾಜೂಕ ಜಾಗಾ ಖಾಲಿ ಐತಲ್ಲ," ಎನ್ನುತ್ತಾರೆ ಮೆಲ್ಲಗೆ.

ನಾನು ಹಿಂದೆ ತಿರುಗುವುದಿಲ್ಲ.

"ಅಲ್ಲಿ ಎಮ್ಮಿ ಕಟ್ಟೂದೈತ್ರಿ."