ಆರಾಮ ಅದರಿ, ಆದರ…

ಶಹಾಬಾದದಲ್ಲಿ ನಮ್ಮ ಮನೆಗೂ ಚಾಚಾನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಚಾಚಾ ನನ್ನ ಅಪ್ಪನ ಜೀವದ ಗೆಳೆಯರು. ಅಪ್ಪ ಹೋದ ಮೇಲೆ ನನ್ನನ್ನು ಬೈಯುವ ಹಕ್ಕು ಅವರಿಗೆ ಬಂತು. ಅವರ ಮೇಲೆ ಕೂಗಾಡುವ ಹಕ್ಕು ನನಗೆ ಹುಟ್ಟಿದಾಗಿನಿಂದಲೂ ಇತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಾಚಾ ಅದನ್ನು ನೋಡಿ ನಗುತ್ತಿದ್ದರು. "ನಿಮ್ಮಪ್ಪ ಬೆಣ್ಣಿ ಇದ್ದಂಗ ಇದ್ದ, ಈ ಮೆಣಸಿನಕಾಯಿ ಎಲ್ಲಿಂದ ಹುಟ್ಟಿತೋ!"

ಚಾಚಾನದು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ. ಗಿರಾಕಿ ಬಂದರೆ ಕಲ್ಲನ್ನು ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಒಂದು ಸಲ ಬಡಿಯುತ್ತಿದ್ದರು. ಖಣ್ ಎಂದರೆ "ತಗೊಳ್ರಿ" ಅನ್ನುವರು. ದಬ್ ಎಂದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಗಿರಾಕಿ ಬಾಯಿ ಬಿಡುವ ಮೊದಲೇ ತಾವೇ ಪಕ್ಕಕ್ಕೆ ಸರಿಸಿಬಿಡುವರು. ಅವರು ಬಡಿದ ಕಲ್ಲನ್ನು ಇನ್ನೊಬ್ಬರು ಮತ್ತೆ ಬಡಿದು ನೋಡಿದ್ದನ್ನು ನಾನಂತೂ ಕಂಡಿರಲಿಲ್ಲ. ಸೇಡಂ, ಚಿತ್ತಾಪುರದ ವ್ಯಾಪಾರಿಗಳು ಚಹಾ ಕುಡಿಯುತ್ತ ಕೂತಿರುತ್ತಿದ್ದರು, ಕಲ್ಲು ಲಾರಿ ಏರುತ್ತಿತ್ತು.

ನಾನು ವಾಡಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಬ್ಲಾಕ್‌ಚೈನಿನ ಹುಚ್ಚು ಹತ್ತಿದ್ದು ನನಗೆ. ಅದು ಒಬ್ಬರ ಕೈಯಲ್ಲಿರದ ಲೆಕ್ಕ. ಜಗತ್ತಿನ ಎಲ್ಲೆಲ್ಲೋ ಇರುವ ಕಂಪ್ಯೂಟರುಗಳು ಸೇರಿ ಪ್ರತಿ ವ್ಯವಹಾರಕ್ಕೂ ಸಾಕ್ಷಿ ಹಾಕುತ್ತವೆ. ಹಾಗೆ ಸಾಕ್ಷಿ ಹಾಕುವ ಕಂಪ್ಯೂಟರಿಗೆ ವ್ಯಾಲಿಡೇಟರ್ ಎನ್ನುತ್ತಾರೆ. ಅದು ಸದಾ ಎಚ್ಚರವಿರಬೇಕು. ಸರದಿ ಬಂದಾಗ ಉತ್ತರ ಕೊಡದಿದ್ದರೆ ಅದರ ವಿಶ್ವಾಸದ ಅಂಕ ಇಳಿಯುತ್ತದೆ. ಬೇರೆಯವರು ಗಳಿಕೆಗಾಗಿ ತಮ್ಮ ಹಣದ ಪಾಲನ್ನು ಅದರ ಬೆನ್ನಿಗೆ ಇಡಬಹುದು; ಅದು ಎಡವಿದರೆ ಅವರಿಗೂ ಪೆಟ್ಟು. ಕರೆಂಟ್ ಹೋದರೂ ನಿಲ್ಲದ ಜಾಗ ನನಗೆ ಬೇಕಿತ್ತು, ಚಾಚಾನ ಕಾರ್ಖಾನೆಯ ಆಫೀಸು ಕೋಣೆಗೆ ಜನರೇಟರ್ ಇತ್ತು.

ಎಲ್ಲ ಕೇಳಿಸಿಕೊಂಡು ಚಾಚಾ ಅಂದರು, "ಅಂದರ ಗವಾಹಿ, ಸಾಕ್ಷಿ ಹೇಳೋ ಕೆಲಸ. ಕರೆದಾಗ 'ಇದ್ದೀನ್ರಿ' ಅನ್ನಬೇಕು, ಇಷ್ಟ ಹೌದಲ್ಲ? ಇದು ನಂಗ ತಿಳೀತು. ತಂದು ಇಡು."

ಅವರ ಪರಿಚಯದವರು ಒಬ್ಬೊಬ್ಬರಾಗಿ ನಾನು ತಂದಿಟ್ಟ ಆ ಯಂತ್ರದ ಬೆನ್ನಿಗೆ ತಮ್ಮ ಪಾಲು ಇಟ್ಟರು. ಬ್ಲಾಕ್‌ಚೈನ್ ಅವರಲ್ಲಿ ಯಾರಿಗೆ ಗೊತ್ತಿತ್ತು, ಮಣ್ಣು! ಅವರಿಗೆ ಗೊತ್ತಿದ್ದದ್ದು ಚಾಚಾ. ಹಾಗಾಗಿ ಯಂತ್ರ ನಂದಾದರೂ ಪಣಕ್ಕಿದ್ದದ್ದು ಅವರ ಹೆಸರು.

ಆ ಅಂಕಗಳನ್ನು ಪರದೆಯ ಮೇಲೆ ಓದುವುದು ಚಾಚಾಗೆ ಆಗುತ್ತಿರಲಿಲ್ಲ. ಅದಕ್ಕೇ ಅವರ ಫೋನಿನಲ್ಲಿ ಒಂದು ಎಐ ಸಹಾಯಕ ಹಾಕಿಕೊಟ್ಟೆ. ಬರೀ ಸಹಾಯಕವಾದರೆ ತಾನು ಎಂದೋ ಓದಿದ್ದನ್ನೇ ಹೇಳುತ್ತಿತ್ತು. ಆದ್ದರಿಂದ ವ್ಯಾಲಿಡೇಟರಿನ ಆ ಹೊತ್ತಿನ ಮಾಹಿತಿಗೆ ಅದನ್ನು ಜೋಡಿಸಿದೆ. ಈಗ ಎಚ್ಚರವಿದೆಯೇ, ಎಷ್ಟು ಸರದಿ ತಪ್ಪಿದೆ, ಅಂಕ ಏರಿತೇ ಇಳಿಯಿತೇ, ಕೇಳಿದರೆ ಸಾಕು, ನೋಡಿ ಕನ್ನಡದಲ್ಲಿ ಹೇಳುತ್ತಿತ್ತು. ನನಗಂತೂ ಭೂಮಿ ಮೇಲೆ ಕಾಲೇ ನಿಲ್ಲಲಿಲ್ಲ.

ಮೊದಲ ದಿನವೇ ಅದು ಸಲಾಮಿಲ್ಲ, ಶರಣಿಲ್ಲ, "ನಿಮ್ಮ ವ್ಯಾಲಿಡೇಟರ್ ಸರದಿಗಳನ್ನು ತಪ್ಪಿಸುತ್ತಿದೆ, ವಿಶ್ವಾಸಾರ್ಹತೆ ಕುಸಿಯುತ್ತಿದೆ" ಎಂದುಬಿಟ್ಟಿತು. ಚಾಚಾನ ಕೈಯಲ್ಲಿದ್ದ ಬಸಿಯ ಚಹಾ ಅಂಗಿಯ ಮೇಲೆ ಚೆಲ್ಲಿತು. ಆಗಿದ್ದು ಇಷ್ಟೇ, ಇಂಟರ್ನೆಟ್ ತಂತಿ ಸಡಿಲಾಗಿತ್ತು. ಸಿಕ್ಕಿಸಿದೆ, ಸರಿಹೋಯಿತು. ಚಾಚಾ ಮಾತ್ರ ಸರಿಹೋಗಲಿಲ್ಲ.

"ಎದಿ ಧಸಕ್ ಅಂತ ನೋಡು! ಮಯ್ಯತ್ ಸುದ್ದಿ, ಸಾವಿನ ಸುದ್ದಿ ತರೋ ಮನಿಷಾನೂ ಮೊದಲ ಸಲಾಂ ಅಂತಾನ, ಕುಂದ್ರಿ ಅಂತಾನ, ನೀರು ಕುಡಿಸ್ತಾನ. ಇದಕ್ಕ ಹೇಳಿಕೊಡು. ಮೊದಲ 'ಆರಾಮ ಅದರಿ' ಅನ್ನಲಿ. ಆಮ್ಯಾಲ 'ಆದರ' ಅಂತ ಶುರು ಮಾಡಲಿ."

"ಚಾಚಾ, ಆರಾಮ ಇಲ್ಲದಾಗ ಆರಾಮ ಅಂದರ ಸುಳ್ಳು ಹೇಳಿದಂಗ ಆಗ್ತದ್ರಿ!"

"ಸುಳ್ಳಲ್ಲ ಬೇಟಿ, ಅದಬ್. ಮರ್ಯಾದಿ. ಊರ ಮಂದಿ ಎಲ್ಲಾ ಹಂಗೇ ಮಾತಾಡ್ತದ, ಇದಕ್ಕೇನ್ ಕೊಂಬು ಬಂದಾವ?"

ನಾನು ಕೂಗಾಡಿದೆ. ಚಾಚಿ ಒಳಗಿನಿಂದ ಬಂದು ಅವರ ಕಡೆ ಸೇರಿದರು. ಕೊನೆಗೆ ಸೋತು, ಏನೇ ಆಗಿರಲಿ "ಆರಾಮ ಅದರಿ" ಎಂದು ಶುರು ಮಾಡಿ ಆಮೇಲೆ ಸುದ್ದಿ ಹೇಳು ಎಂದು ಸಹಾಯಕಕ್ಕೆ ಬರೆದುಕೊಟ್ಟೆ. ನಿಜ ಹೇಳಬೇಕೆಂದರೆ ಕೇಳಲು ಚೆಂದವೇ ಇತ್ತು. ಆ ಸಹಾಯಕ ನಮ್ಮ ಓಣಿಯಲ್ಲೇ ಹುಟ್ಟಿದಂತಿತ್ತು.

ಬೇಸಿಗೆ ಬಂತು. ಕಲ್ಲಿನ ಧೂಳು ಆಫೀಸು ಕೋಣೆಗೂ ನುಗ್ಗಿ ಯಂತ್ರದ ಫ್ಯಾನಿನಲ್ಲಿ ಮೆತ್ತಿಕೊಂಡಿತು. ಯಂತ್ರ ಕಾದು ಕಾದು, ದಿನದಿನಕ್ಕೂ ಹೆಚ್ಚು ಸರದಿ ತಪ್ಪಿಸತೊಡಗಿತು. ಚಾಚಾ ಮುಂಜಾನೆ ಕಟಿಂಗ್ ಮಷೀನಿನ ಗದ್ದಲದಲ್ಲಿ ನಿಂತು ಫೋನ್ ಕೇಳುವರು. ಅದು "ಆರಾಮ ಅದರಿ, ಆದರ…" ಎನ್ನುವುದು. ಮೊದಲ ಮಾತು ಕಿವಿಗೆ ಬಿದ್ದದ್ದೇ ತಡ, ಫೋನ್ ಜೇಬಿಗೆ! ಉಳಿದದ್ದನ್ನೆಲ್ಲ ಅದು ಅಂಗಿಯ ಜೇಬಿಗೆ ಹೇಳುತ್ತಿತ್ತು. ನಾನು ವಾಡಿಯಿಂದ ಫೋನ್ ಮಾಡಿ ಯಂತ್ರ ಹೇಗಿದೆ ಎಂದರೆ, "ಆರಾಮ ಅಂತದ" ಎನ್ನುವರು. ನಾನೂ ಸುಮ್ಮನಾಗುತ್ತಿದ್ದೆ.

ಅಷ್ಟು ಸರದಿ ತಪ್ಪಿಸಿದ್ದಕ್ಕೆ ಒಂದು ದಿನ ನಮ್ಮ ವ್ಯಾಲಿಡೇಟರನ್ನು ಬ್ಲಾಕ್‌ಚೈನಿನ ಸಾಕ್ಷಿಗಳ ಸಾಲಿನಿಂದಲೇ ಹೊರಗೆ ಹಾಕಲಾಯಿತು. ಜನಕ್ಕಾದ ನಷ್ಟ ದೊಡ್ಡದೇನಲ್ಲ. ಯಾರೂ ಜಗಳಕ್ಕೆ ಬರಲಿಲ್ಲ. ಒಂದು ಮಾತೂ ಆಡದೆ ತಮ್ಮ ಪಾಲು ತೆಗೆದುಕೊಂಡು ಬೇರೆ ಕಡೆ ಇಟ್ಟರು. ಬಂದು ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಾನು ಯಂತ್ರ ಬಿಚ್ಚಿ ಧೂಳು ಒರೆಸುತ್ತ ಕೂತಿದ್ದ ದಿನ, ಚಿತ್ತಾಪುರದ ಹಳೆಯ ಗಿರಾಕಿಯೊಬ್ಬರು ಕಲ್ಲಿಗೆ ಬಂದರು. ಚಾಚಾ ಎಂದಿನಂತೆ ಬಡಿದರು. ಖಣ್ ಎಂದಿತು. "ತಗೊಳ್ರಿ" ಎಂದರು. ಆ ಮನುಷ್ಯ ಸ್ವಲ್ಪ ತಡೆದು, "ಒಂದೀಟು ಕೊಡ್ರಿ ಇಲ್ಲಿ" ಎಂದು ಚಾಚಾನ ಕೈಯಿಂದ ಸುತ್ತಿಗೆ ತೆಗೆದುಕೊಂಡು, ತಾವೇ ಬಡಿದು ನೋಡಿದರು.

ಚಾಚಾ ಖಾಲಿ ಕೈಯನ್ನು ಅಂಗಿಗೆ ಒರೆಸಿಕೊಂಡರು.

ಗಿರಾಕಿ ಹೋದ ಮೇಲೆ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ನೂರು ಸಲ ಹೇಳ್ಯದ ಆ ಫೋನು! ಕೊನೀ ತನಕ ಕೇಳೋ ಸಬರ್ ಇಲ್ಲ, ತಾಳ್ಮಿ ಇಲ್ಲ ನಿಮಗ. ಮೊದಲ ಮಾತು ಕೇಳೋದು, ಜೇಬಿಗೆ ಹಾಕೋದು! ನಿಮ್ಮ ಹೆಸರು ನೀವೇ ಕಳಕೊಂಡ್ರಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಚಾಚಾ ನನ್ನನ್ನೇ ನೋಡಿ, "ಹೌದು ಬೇಟಿ, ಖರೆ ಅದ" ಎಂದು ಕೆಮ್ಮಿದರು. ಆ ಕೆಮ್ಮು ಆ ಬೇಸಿಗೆಯಿಡೀ ಇತ್ತು. ಕಲ್ಲಿನ ಧೂಳಿನಲ್ಲಿ ಬದುಕುವವರಿಗೆ ಕೆಮ್ಮು ಇದ್ದದ್ದೇ ಎಂದು ನಾವೆಲ್ಲ ಬಿಟ್ಟಿದ್ದೆವು.

ಆಮೇಲೆ ನಾನು ಹೋಗುವುದು ಬಿಟ್ಟೆ. ಸಿಟ್ಟು ಇಳಿದಿತ್ತು, ಆದರೆ ಮೊದಲು ಮಾತಾಡಿಸುವುದು ಯಾರು ಎಂಬ ಹಾಳು ಸೊಕ್ಕು ಇಳಿದಿರಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ, ಕ್ಲಾಸಿನ ನಡುವೆ, ಅವರೇ ಫೋನ್ ಮಾಡಿದರು.

"ಹ್ಯಾಂಗಿದ್ದಿ ಬೇಟಿ?"

"ಆರಾಮ ಇದ್ದೀನ್ರಿ. ನೀವು?"

"ನಾನೂ ಆರಾಮ. ಆದರ…" ಎಂದು ಉಸಿರು ಎಳೆದುಕೊಂಡರು.

"ಆಯ್ತು ಚಾಚಾ, ಕ್ಲಾಸ್ ನಡದದ, ಆಮ್ಯಾಲ ಮಾಡ್ತೀನಿ" ಎಂದು ಫೋನ್ ಇಟ್ಟುಬಿಟ್ಟೆ. ಮಾಡಲಿಲ್ಲ.

ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಕೆಲವು ವಾರಗಳ ಮೇಲೆ ಚಾಚಿ ಹೇಳಿದರು. ಓಡಿದೆ. ಶ್ವಾಸಕೋಶದಲ್ಲೆಲ್ಲ ಧೂಳು, ಇಷ್ಟು ತಡ ಮಾಡಬಾರದಿತ್ತು ಎಂದರು ಡಾಕ್ಟರು. ಚಾಚಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಒಬ್ಬರೇ ದವಾಖಾನಿಗೆ ಹೋಗ್ಲಿಕ್ಕೆ ಅಂಜಿದ್ರು. 'ಆಕಿ ಬಂದರ ಹೋಗ್ತೀನಿ, ಆಕಿಗೆ ಡಾಕ್ಟರ್ ಮಾತು ತಿಳೀತಾವ' ಅಂತಿದ್ರು. ನಿಂಗ ಫೋನ್ ಮಾಡಿದ್ದೆ ಅಂದ್ರಲ್ಲ, ಏನೂ ಹೇಳಲಿಲ್ಲೇನವ್ವ?" ಎಂದು ಕೇಳಿದರು.

ಈಗ ಪ್ರತಿ ರವಿವಾರ ಶಹಾಬಾದಕ್ಕೆ ಹೋಗುತ್ತೇನೆ. ಕಾರ್ಖಾನೆ ಮುಚ್ಚಿದೆ. ಚಾಚಾ ದಿಂಬಿಗೆ ಒರಗಿ ಕೂತಿರುತ್ತಾರೆ, ಮೂಗಿಗೆ ಆಕ್ಸಿಜನ್ ನಳಿಕೆ. ಎರಡು ಮಾತಾಡಿದರೆ ದಣಿಯುತ್ತಾರೆ. ನಾನು ಫೋನ್ ಆಫ್ ಮಾಡಿ ಚೀಲದಲ್ಲಿಟ್ಟು, ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಳ್ಳುತ್ತೇನೆ.

"ಹ್ಯಾಂಗಿದ್ದೀರಿ ಚಾಚಾ?"

"ಆರಾಮ."

ನಾನು ಕಾಯುತ್ತೇನೆ. ಚಾಚಿ ಚಹಾ ತಂದಿಟ್ಟು ಹೋಗುತ್ತಾರೆ, ಅದು ಆರುತ್ತದೆ. ಕೊನೆಗೆ ತಾಳಲಾರದೆ ನಾನೇ ಕೇಳುತ್ತೇನೆ, "ಆದರ? ಆದರ ಏನ್ರಿ ಚಾಚಾ? ಹೇಳ್ರಿ, ಕೇಳ್ತೀನಿ."

ಅವರು ನನ್ನ ಕೈ ತಟ್ಟುತ್ತಾರೆ.

"ಏನಿಲ್ಲ ಬೇಟಿ. ಆರಾಮ."