ವೀರಮ್ಮನ ಮನೆಗೆ ಕಳೆ ಬಂದದ್ದು

ಕಟ್ಟೆಮಳಲವಾಡಿಯ ವೀರಮ್ಮ ಬುದ್ಧಿ ಬಂದಾಗಿನಿಂದ ಕಳೆ ಕಿತ್ತವಳು. ರಾಗಿ ಹೊಲದಲ್ಲಿ ಕಿತ್ತಳು, ಹೊಗೆಸೊಪ್ಪಿನ ಸಾಲಿನಲ್ಲಿ ಕಿತ್ತಳು, ಕೈ ಸುಮ್ಮನಿರದೆ ಪಕ್ಕದವರ ಬದುವಿನಲ್ಲೂ ಕಿತ್ತು ಬೈಸಿಕೊಂಡಳು. ಅಂಥವಳು ಇದ್ದಕ್ಕಿದ್ದಂತೆ ಅದೇ ಕಳೆಯನ್ನು ಮಡಿಲು ತುಂಬ ಮನೆಗೆ ಹೊತ್ತು ತರತೊಡಗಿದರೆ ಗಂಡನಾದವನು ಏನಂತ ತಿಳಿಯಬೇಕು? ವಿರೂಪಾಕ್ಷ ಇವಳಿಗೆ ಗಾಳಿ ಸೋಕಿದೆ ಎಂದೇ ತಿಳಿದ.

ಸೋಕಿದ್ದು ಗಾಳಿಯಲ್ಲ, ಫೋನು. ಸಾಲಿಗ್ರಾಮಕ್ಕೆ ಮದುವೆಯಾಗಿ ಹೋದ ಮಗಳು ಭಾವನಾ ಒಂದು ವಿಡಿಯೊ ಕಳಿಸಿದ್ದಳು. ಯಾರೋ ಹೆಂಗಸು ಒಣಗಿದ ಹುಲ್ಲು, ಹೂವು, ಕಡ್ಡಿಗಳಿಗೆ ಡಬ್ಬಿಯಿಂದ ಬಂಗಾರದ ಬಣ್ಣ ಹೊಡೆದು ಹೂದಾನಿಯಲ್ಲಿ ನಿಲ್ಲಿಸುತ್ತಿದ್ದಳು. ವೀರಮ್ಮ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಆಮೇಲೆ "ಅಯ್ಯೋ, ಇದು ನಮ್ ಅಣ್ಣೆ ಊವಲ್ವಾ!" ಎಂದು ಕೂಗಿ ಹೊಲದ ಕಡೆ ಹೊರಟೇಬಿಟ್ಟಳು.

ರಾಗಿಯ ನಡುವೆ ಹುಟ್ಟುವ ಅಣ್ಣೆ ಹೂ ಬಂತು, ಕೆರೆಯಂಚಿನ ಜೊಂಡು ಬಂತು, ದಾರಿಯಲ್ಲಿ ಹೋದವರ ಬಟ್ಟೆಗೆಲ್ಲ ಬೀಜ ಅಂಟಿಸಿ ಕಳಿಸುವ ಉತ್ತರಾಣಿ ಕಡ್ಡಿಯೂ ಬಂತು. ಒಲೆಯ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಆಗಷ್ಟೇ ಖಾಲಿಯಾಗಿ ಇನ್ನೂ ಬೆಚ್ಚಗಿತ್ತು. ಸೊಪ್ಪು ತೂಗುಹಾಕುವ ಗಳಗಳಿಗೇ ಕಳೆಯ ಕಟ್ಟುಗಳನ್ನು ತಲೆಕೆಳಗಾಗಿ ಕಟ್ಟಿದಳು. ಹಪ್ಪಳದ ಹಾಗೆ ಗರಿಗರಿಯಾದವು.

ಇನ್ನು ಬಣ್ಣ. ಹುಣಸೂರಿನಲ್ಲಿ ಗೊಬ್ಬರದಿಂದ ಸುಣ್ಣಬಣ್ಣದವರೆಗೆ ಎಲ್ಲ ಮಾರುವ ಅಂಗಡಿಯೊಂದಕ್ಕೆ ಹೋಗಿ ನಿಂತಳು.

"ಕಳೆಗೆ ಹೊಡಿಯೋ ಸ್ಪ್ರೇ ಕೊಡಪ್ಪ."

ಅಂಗಡಿಯವನು ಕಳೆನಾಶಕದ ಕ್ಯಾನು ತಂದಿಟ್ಟ. "ಇದ ಹೊಡೀರಿ, ಬುಡಸಮೇತ ಸಾಯ್ತದೆ."

"ಸಾಯ್ಸಕ್ಕಲ್ಲ ಕಣಪ್ಪ, ಸತ್ತಿರೋದ್ಕೇ ಹೊಡೀಬೇಕು."

"ಸತ್ತಿರೋದ್ಕಾ?"

"ಊಂ. ಬಂಗಾರದ ಬಣ್ಣದ್ದು ಕೊಡು."

ಅವನು ಕಳೆನಾಶಕವನ್ನು ಮೆಲ್ಲಗೆ ಅವಳ ಕೈಗೆ ಸಿಗದಷ್ಟು ದೂರ ಸರಿಸಿ, ಬೈಕಿಗೆ ಹೊಡೆಯುವ ಬಣ್ಣದ ಡಬ್ಬಿ ಕೊಟ್ಟು ಕಳಿಸಿದ.

ಸಂಜೆ ಹೊತ್ತಿಗೆ ಟಿವಿ ಪಕ್ಕದ ಹಳೇ ಕೊಡದಲ್ಲಿ ಅಣ್ಣೆ ಹೂವೂ ಜೊಂಡೂ ಥಳಥಳ ಹೊಳೆಯುತ್ತ ನಿಂತವು. ವಿರೂಪಾಕ್ಷ ಒಳಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತ.

"ಜನ ಕಳೆನ ಒಲದಿಂದ ಆಚಿಕ್ ಹಾಕ್ತಾರೆ. ನೀನು ಕರ್ಕೊಬಂದು ನಡುಮನೇಲಿ ಕೂರ್ಸಿದ್ದೀಯಲ್ಲೇ!"

"ಚೆನ್ನಾಗಿಲ್ವಾ?"

"ಚೆನ್ನಾಗದಂತೆ! ಸೋಮವಾರ ಬ್ಯಾರನ್‌ಗೆ ಬೆಂಕಿ ಹಾಕ್ತೀನಿ. ಮೊದ್ಲು ಇದೇ ಒಲೆಗೆ ಓಗೋದು."

ವೀರಮ್ಮನಿಗೆ ನಿಜಕ್ಕೂ ನೋವಾಯಿತು. ಈ ಮನೆಗೆ ಕಾಲಿಟ್ಟಾಗಿನಿಂದ ಅವಳು ಮಾಡಿದ್ದನ್ನು ಈ ಮನುಷ್ಯ ಚೆನ್ನಾಗಿದೆ ಎಂದದ್ದಿಲ್ಲ. ಸಾರಿಗೆ ಉಪ್ಪು ಕಮ್ಮಿ ಎನ್ನುವುದಕ್ಕಷ್ಟೇ ಅವನ ಬಾಯಿ. ಮುದ್ದೆ ಮುಗಿಯುತ್ತದೆ, ಸಾರು ಮುಗಿಯುತ್ತದೆ, ಕಿತ್ತ ಕಳೆ ಮತ್ತೆ ಹುಟ್ಟುತ್ತದೆ. ಮಾಡಿದ ಮೇಲೂ ಕಣ್ಣೆದುರು ಉಳಿಯುವಂಥದ್ದು ಇದೊಂದೇ. ಅದನ್ನೂ ಒಲೆಗೆ ಹಾಕುತ್ತಾನಂತೆ.

"ಯಾರಾದ್ರೂ ಚೆನ್ನಾಗದೆ ಅಂದ್ರೆ?" ಎಂದಳು, ಕೊಡವನ್ನು ತನ್ನ ಕಡೆ ಎಳೆದುಕೊಂಡು.

"ಈ ಊರಲ್ಲಿ ಒಬ್ರು, ಒಬ್ರೇ ಒಬ್ರು ಅನ್ಲಿ. ನೀನು ಮನೆ ತುಂಬ ಇಟ್ಕೊ. ಇನ್ಮೇಲೆ ಒಲದ ಕಳೆ ನಾನೇ ಕೀಳ್ತೀನಿ, ಓಗು!"

ಮಾತು ಕೊಟ್ಟ ಖುಷಿಯಲ್ಲಿ ಎರಡು ಮುದ್ದೆ ಜಾಸ್ತಿ ಉಂಡ.

ಮರುದಿನ ಪಕ್ಕದ ಮನೆಯ ಮಂಗಳಮ್ಮನನ್ನು ಕರೆದು ತೋರಿಸಿದ್ದಾಯಿತು. ಅವಳು ಕೊಡವನ್ನು ಸುತ್ತು ಹಾಕಿ ನೋಡಿ, "ಕೊಡ ಗಟ್ಟಿಯಾಗಿ ಅದೆ ಕಣ್ ವೀರಮ್ಮ" ಎಂದು ಹೇಳಿ ಹೋದಳು. ಆದರೂ ವೀರಮ್ಮ ಹಟ ಬಿಡಲಿಲ್ಲ. ಉಳಿದಿದ್ದ ಉತ್ತರಾಣಿ ಕಡ್ಡಿಗಳಿಗೂ ಬಣ್ಣ ಹೊಡೆದು ಜಗಲಿಯ ಮೂಲೆಯಲ್ಲಿ ಆರಲು ಹರಡಿ, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು.

ಅಷ್ಟರಲ್ಲಿ ವಿರೂಪಾಕ್ಷ ಉಂಡು ಬಂದು ಹೆಗಲ ಮೇಲಿನ ಟವಲ್ಲಿನ ಸಮೇತ ಅದೇ ಜಗಲಿಯಲ್ಲಿ ಉರುಳಿಕೊಂಡ. ನಿದ್ದೆಯಲ್ಲಿ ಮಗ್ಗುಲು ಬದಲಿಸುವುದೆಂದರೆ ಅವನಿಗೆ ಉಳುಮೆಯಿದ್ದ ಹಾಗೆ, ಈ ಗೋಡೆಯಿಂದ ಆ ಗೋಡೆಯವರೆಗೂ ಹೋಗಿ ಬರಬೇಕು. ಎದ್ದವನು ಹಾಲಿಗೆ ಹೊತ್ತಾಯಿತೆಂದು ಕ್ಯಾನು ಹಿಡಿದು ಡೈರಿಗೆ ದೌಡಾಯಿಸಿದ. ಹಿತ್ತಲಿಂದ ಬಂದ ವೀರಮ್ಮ ಅವನನ್ನು ನೋಡಿದಳು. ಬಾಯಿ ತೆರೆದಳು, ಒಲೆಯ ಮಾತು ನೆನಪಾಯಿತು, ಮುಚ್ಚಿದಳು.

ವಿರೂಪಾಕ್ಷ ವಾಪಸ್ಸು ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಮದುವಣಿಗನ ಹಾಗೆ ಎದೆಯುಬ್ಬಿಸಿ ಬಂದು ಜಗಲಿಯಲ್ಲಿ ಕೂತ.

"ಲೇ, ಡೈರೀಲಿ ಎಲ್ರೂ ನನ್ನೇ ನೋಡ್ತಾವ್ರೆ ಕಣೇ! ಏನ್ ಯಜಮಾನ್ರೇ, ಇವತ್ತು ಮೊಖದಲ್ಲಿ ಭಾರಿ ಕಳೆ ಅದೆ ಅಂತಾರೆ. ಹಾಲಳೆಯೋ ನಂಜಣ್ಣ ಟವಲ್ ಮುಟ್ಟಿ ನೋಡಿ, ಈ ಜರಿ ಚೆನ್ನಾಗದೆ, ಎಲ್ಲಿ ತಂದೆ ಅಂದ."

"ಚೆನ್ನಾಗದೆ ಅಂದ್ರಾ?"

"ಊಂ ಕಣೇ, ಎರಡ್ ಸಲ ಅಂದ!"

ವೀರಮ್ಮ ಒಳಗಿಂದ ಕನ್ನಡಿ ತಂದು ಅವನ ಮುಂದೆ ಹಿಡಿದಳು. ಬಲಗಡೆಯ ಮೀಸೆ ಪೂರ್ತಿ ಬಂಗಾರ. ಅದರ ತುದಿಯಲ್ಲಿ ಒಂದು ಉತ್ತರಾಣಿ ಬೀಜ ಮುತ್ತಿನ ಹಾಗೆ ಕೂತಿತ್ತು. ಟವಲ್ಲಿನ ಅಂಚಿನುದ್ದಕ್ಕೂ ಬಂಗಾರದ ಬೀಜಗಳು ಸಾಲಾಗಿ ಅಂಟಿಕೊಂಡಿದ್ದವು; ನಂಜಣ್ಣನೇನು, ಜವಳಿ ಅಂಗಡಿಯವನೂ ಜರಿಯೆಂದೇ ನಂಬಬೇಕು.

"ನಿಮ್ ಮೊಖದಲ್ಲಿ ಕಳೆ ಇರೋದು ದಿಟ ಕಣ್ರೀ. ನಮ್ ಒಲದ್ದೇ" ಎಂದಳು ವೀರಮ್ಮ.

ವಿರೂಪಾಕ್ಷ ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ಬೈಯಬೇಕೆಂದು ಬಾಯಿ ತೆರೆದರೆ ಮೀಸೆ ಮಿಂಚಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

ಸೋಮವಾರ ಬ್ಯಾರನ್‌ಗೆ ಬೆಂಕಿ ಹಾಕಿದ್ದಾಯಿತು, ಒಲೆಗೆ ಸೌದೆ ಮಾತ್ರ ಬಿತ್ತು. ಸೀಮೆಎಣ್ಣೆಗೂ ಬಗ್ಗದ ಬಂಗಾರದ ಮೀಸೆ ಹೊತ್ತು ವಿರೂಪಾಕ್ಷ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಗೊಣಗುತ್ತ ಕಳೆ ಕೀಳುತ್ತಿದ್ದ. ಬದುವಿನ ಮೇಲೆ ಕೂತ ವೀರಮ್ಮ ಕಾಲು ಚಾಚಿ ಎಲೆಅಡಿಕೆ ಹಾಕುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಒಂದು ಅಣ್ಣೆ ಹೂವಿನ ಮುಂದೆ ಕೈ ತಡೆದು ಕೂತುಬಿಟ್ಟ.

"ಲೇ ವೀರೀ," ಎಂದು ಕೂಗಿದ, "ಇದು ಕೀಳೋ ಕಳೆಯೋ, ಮನೆಗ್ ಬರೋ ಕಳೆಯೋ?"