ಹೊಂಬಾಳೆ ಬಿಡದ ಮನೆಗಳು

ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು, ತಲೆ ಓರೆ ಮಾಡಿ ಅಲ್ಲಾಡಿಸುತ್ತಿದ್ದರು ನಮ್ಮ ಸೋದರತ್ತೆ. ಒಳಗೆ ಕೊಬ್ಬರಿ ಗಡಗಡ ಎಂದರೆ ಕೆಳಗಿಳಿಸಬಹುದು. ಎಡಗಿವಿಯೋ ಬಲಗಿವಿಯೋ, ಈಗ ಖಚಿತವಿಲ್ಲ. ಅವರ ಬಗ್ಗೆ ಬರೆಯಲು ಕೂತರೆ ನನಗೆ ಕೋಪ ಮೊದಲು ಬರುತ್ತದೆ, ನೆನಪು ಆಮೇಲೆ. ಕೆಲವು ವಿವರಗಳು ತಪ್ಪಿರಬಹುದು.

ತಿಪಟೂರಿನಲ್ಲಿ ಅಜ್ಜ ಅತ್ತೆಗೆಂದು ಬಿಟ್ಟುಹೋದ ಸಾಲುಮನೆಗಳಿದ್ದವು; ನೊಣವಿನಕೆರೆ ಕಡೆ ತೋಟವಿತ್ತು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವ್ಯವಹಾರವನ್ನೆಲ್ಲ ಅತ್ತೆಯ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ನೋಡಿಕೊಳ್ಳುತ್ತಿದ್ದರು. ತೋಟದ ಆದಾಯಕ್ಕೆ ತೆರಿಗೆಯಿಲ್ಲವಲ್ಲ, ಮನೆ ಬಾಡಿಗೆಯೂ ಅವರ ಲೆಕ್ಕದಲ್ಲಿ ಕೊಬ್ಬರಿ ಮಾರಿದ ದುಡ್ಡಾಯಿತು. ಬಾಡಿಗೆಯವರಿಗೆ ಕರಾರಿಲ್ಲ, ರಸೀದಿಯಿಲ್ಲ. ಯಾರಾದರೂ ವಿಚಾರಿಸಿದರೆ ಈ ಮನೆಯವರ ನೆಂಟರು ಎನ್ನಬೇಕು.

ಚಿಕ್ಕಪ್ಪನ ಮಗಳ ಮದುವೆಯಾದ ಮೇಲೆ, ಕೊನೆಯ ಮನೆಯಲ್ಲಿದ್ದ ಶೆಟ್ಟಿಕೆರೆಯ ಟೈಲರ್ ಹೆಂಗಸು ಬಾಡಿಗೆ ಕೊಡಲು ಬಂದಳು.

"ಅಮ್ಮಾರೇ, ಕೇಳ್ದೋರ್ಗೆಲ್ಲ ನಿಮ್ಮ ನೆಂಟ್ರು ಅಂತೀವಿ. ಮದ್ವೆಗೆ ಮಾತ್ರ ಕರೀಲೇ ಇಲ್ವಲ್ಲ!"

ಅವಳು ತಮಾಷೆಗೆ ಅಂದದ್ದು. ಅತ್ತೆ ನಗಲಿಲ್ಲ.

ತೆರಿಗೆಯವರು ಯಾವ ನೋಟಿಸೂ ಕಳಿಸಿರಲಿಲ್ಲ. ಅತ್ತೆ ತಾವಾಗಿಯೇ ಆಡಿಟರ್ ಬಳಿ ಹೋಗಿ, ಹಿಂದಿನ ವರ್ಷಗಳ ಬಾಡಿಗೆಯನ್ನೂ ತೋರಿಸಿ, ಬಡ್ಡಿ ಸಮೇತ ತೆರಿಗೆ ಕಟ್ಟಿದರು. ಅದಕ್ಕಾಗಿ, ಬೆಲೆ ಏರಲೆಂದು ಇಟ್ಟುಕೊಂಡಿದ್ದ ನಿಜವಾದ ಕೊಬ್ಬರಿಯನ್ನೇ ಮಾರಿದರು.

ಚಿಕ್ಕಪ್ಪ ಹಾರಾಡಿದರು. ಅವರವೂ ಪಕ್ಕದ ಬೀದಿಯಲ್ಲಿ ಬಾಡಿಗೆ ಮನೆಗಳಿದ್ದವು.

"ನಿನ್ನ ಯಾರು ಕೇಳಿದ್ರಕ್ಕಾ? ನಾಳೆ ನನ್ನ ಬಾಗ್ಲಿಗೂ ಬತ್ತಾರೆ! ಎಲ್ಲಾ ಕೊಬ್ರಿ ದುಡ್ಡು ಅಂದಿದ್ರೆ ಮುಗ್ದೋಗ್ತಿತ್ತು."

"ಆ ಮನೆಗಳಲ್ಲಿ ಯಾವ ಹೊಂಬಾಳೆ ಬಿಟ್ಟಿತ್ತು, ತೋರ್ಸಪ್ಪ," ಅಂದರು ಅತ್ತೆ, ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸದೆ.

"ನಮ್ಮಕ್ಕಂಗೆ ತಲೆ ನೆಟ್ಟಗಿಲ್ಲ ಕಣ್ರೀ" ಎಂದು ಚಿಕ್ಕಪ್ಪ ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ಬಂದರು. ಡಾಕ್ಟರಿಗೆ ತೋರಿಸುವ ಮಾತಾಯಿತು. ಮನೆಗಳ ಉಸ್ತುವಾರಿಯನ್ನು ಪೂರ್ತಿ ತಮಗೇ ಬರೆದುಕೊಡಬೇಕೆಂದು ಹಟ ಹಿಡಿದರು. ಮುಚ್ಚಿಟ್ಟವರು ಬುದ್ಧಿವಂತರು, ಒಪ್ಪಿಕೊಂಡವಳಿಗೆ ಹುಚ್ಚು! ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

"ನಂಗೆ ಹುಚ್ಚಂತೆ ಕಣೇ. ನೀನು ಓದಿದೋಳು, ಸರಿಯಾಗಿ ನೋಡಿ ಹೇಳು," ಎಂದು ಅತ್ತೆ ನನ್ನ ಮುಂದೆ ಮುಖ ಚಾಚುತ್ತಿದ್ದರು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ಅವರು ಏನನ್ನೂ ಬರೆದುಕೊಡಲಿಲ್ಲ. ಬಾಡಿಗೆಯವರಿಗೆಲ್ಲ ಕರಾರು ಮಾಡಿಸಿದರು. ಟೈಲರ್ ಹೆಂಗಸಿಗೆ, "ಇನ್ಮೇಲೆ ಬಾಡಿಗೆಯೋರು ಅಂತ್ಲೇ ಹೇಳು. ಹಬ್ಬಕ್ಕೆ ಕರೀತೀನಿ, ಆಗ ನೆಂಟ್ರಾಗಿ ಬಾ," ಅಂದರು. ಕರೆದರು ಕೂಡ.

ಹೋದ ವರ್ಷ ಅತ್ತೆ ತೀರಿಕೊಂಡರು; ಮನೆಗಳು ಮತ್ತೆ ಚಿಕ್ಕಪ್ಪನ ಕೈಗೆ ಬಂದವು. ತಿಥಿಯ ದಿನ ಚಿಕ್ಕಪ್ಪ ಬಂದವರ ಮುಂದೆ, "ನಮ್ಮಕ್ಕ ಅಂದ್ರೆ ನ್ಯಾಯ, ನೀತಿ ಕಣ್ರೀ," ಎಂದು ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಹಿತ್ತಲಿನಲ್ಲಿ ಅದೇ ಟೈಲರ್ ಹೆಂಗಸಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಆ ಕರಾರು ಗಿರಾರು ನಮ್ಮಕ್ಕನ ಜೊತೆಗೇ ಮುಗೀತು. ಯಾರಾನಾ ಕೇಳಿದ್ರೆ ನೆಂಟ್ರು ಅಂದ್ಬುಡಮ್ಮ."

ಅವಳಿಗಿನ್ನೂ ಊಟವಾಗಿರಲಿಲ್ಲ. ನೆಂಟರ ಪಂಕ್ತಿ ಏಳಲೆಂದು ಒಗೆಯುವ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು.

"ನೆಂಟ್ರಾದ್ರೆ ಇವರನ್ನ ಮೊದಲನೇ ಪಂಕ್ತೀಲಿ ಯಾಕೆ ಕೂರಿಸ್ಲಿಲ್ಲ, ಚಿಕ್ಕಪ್ಪ?" ಎಂದು ಕೇಳಿದೆ.

ಇದೊಂದು ಮಾತಿನ ವಿಷಯದಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ. ಚಿಕ್ಕಪ್ಪ ಮುಂದಿನ ಪಂಕ್ತಿಗೆ ಎಲೆ ಹಾಕಿಸುವ ನೆಪ ಮಾಡಿ ಒಳಗೆ ಹೋದರು.